ಗಾಡಿ ನಿನ್ನದು, ಸ್ಪ್ಯಾನರ್ ಹಿಡಿಯುವ ಹಕ್ಕೂ ನಿನ್ನದು

ಮಗು,

ನೀನು ಹೊಸ ಮೋಟಾರ್ ಸೈಕಲ್ ತಗೊಂಡೆ ಅಂತ ನಿಮ್ಮಮ್ಮ ಮೈಸೂರಿನಿಂದ ಫೋನ್ ಮಾಡಿ ಹೇಳಿದಳು. ಅವಳ ಭಯವೆಲ್ಲ ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ ಲಾರಿಗಳದ್ದು, ಮಂಜಿನದ್ದು. ಅದನ್ನೆಲ್ಲ ಅವಳೇ ನಿನಗೆ ಸಾಕಷ್ಟು ಹೇಳಿರುತ್ತಾಳೆ. ನನಗೆ ಮನಸ್ಸಿಗೆ ಬಂದದ್ದು ನೀನು ಮೊನ್ನೆ ಹೇಳಿದ ಇನ್ನೊಂದು ಮಾತು. ಶೋರೂಮಿನ ಸರ್ವಿಸ್ ಕೌಂಟರ್‌ನಲ್ಲಿ “ಆಯಿಲ್ ಕೂಡ ಇಲ್ಲೇ ಬದಲಾಯಿಸಬೇಕು, ಹೊರಗೆ ಮಾಡಿಸಿದರೆ ವಾರಂಟಿ ಹೋಯಿತು ಅಂತಲೇ ತಿಳ್ಕೊಳ್ಳಿ” ಅಂದರಂತೆ. ನೀನೂ ಹೂಂ ಅಂತ ತಲೆಯಾಡಿಸಿ ಬಂದೆಯಂತೆ. ಆ ಮಾತು ಸುಳ್ಳು ಕಣಪ್ಪ. ಇಲ್ಲಿ ಅಮೆರಿಕಾದಲ್ಲಿ ಹಾಗೆ ಹೇಳುವುದಕ್ಕೆ ಕಾನೂನೇ ಬಿಡುವುದಿಲ್ಲ. ಅದೂ ನಿನ್ನೆ ಮೊನ್ನೆ ಬಂದ ಕಾನೂನಲ್ಲ, 1975ರಿಂದ ಇದೆ.

ಅದರ ಹೆಸರು ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ. ವಾಷಿಂಗ್ಟನ್ ರಾಜ್ಯದ ಸೆನೆಟರ್ ವಾರೆನ್ ಮ್ಯಾಗ್ನುಸನ್, ಕ್ಯಾಲಿಫೋರ್ನಿಯಾದ ಸಂಸದ ಜಾನ್ ಮಾಸ್, ಇಬ್ಬರೂ ಸೇರಿ ತಂದದ್ದು. ಜನವರಿ 1975ರಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಅದರಲ್ಲಿ ನೀನು ನೆನಪಿಟ್ಟುಕೊಳ್ಳಬೇಕಾದ ಅಂಶ ಒಂದೇ. ವಾರಂಟಿ ಉಳಿಯಬೇಕಾದರೆ ನಮ್ಮ ಬ್ರ್ಯಾಂಡಿನ ಬಿಡಿಭಾಗವನ್ನೇ ಹಾಕಬೇಕು, ನಾವು ಹೇಳಿದ ಕಡೆಯೇ ಸರ್ವಿಸ್ ಮಾಡಿಸಬೇಕು ಅಂತ ಕಂಪನಿ ಷರತ್ತು ಹಾಕುವಂತಿಲ್ಲ. ಹಾಕಲೇಬೇಕು ಅಂದರೆ ಆ ಬಿಡಿಭಾಗವನ್ನೋ ಸರ್ವಿಸನ್ನೋ ಪುಕ್ಕಟೆ ಕೊಡಬೇಕು. ಇಲ್ಲವೇ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಹೋಗಿ, ಇದಿಲ್ಲದೆ ನಮ್ಮ ಯಂತ್ರ ಸರಿಯಾಗಿ ನಡೆಯುವುದೇ ಇಲ್ಲ ಎಂದು ಸಾಬೀತು ಮಾಡಿ ವಿಶೇಷ ಅನುಮತಿ ತರಬೇಕು. ಕೌಂಟರಿನವರು ಮತ್ತೊಮ್ಮೆ ಅದೇ ರಾಗ ಹಾಡಿದರೆ, “ಹಾಗಾದರೆ ಆಯಿಲ್ ಚೇಂಜ್ ಪುಕ್ಕಟೆಯಾ?” ಅಂತ ವಿನಯವಾಗಿಯೇ ಕೇಳು.

ಮೋಟಾರ್ ಸೈಕಲ್ಲಿನ ವಿಷಯದಲ್ಲೇ ಇದು ದೊಡ್ಡದಾಗಿ ಬಯಲಿಗೆ ಬಂದದ್ದು 2022ರಲ್ಲಿ. ಆ ವರ್ಷದ ಜೂನ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹಾರ್ಲೆ-ಡೇವಿಡ್ಸನ್ ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಯಿತು. ಬೇರೆಯವರ ಬಿಡಿಭಾಗ ಹಾಕಿದರೆ ವಾರಂಟಿ ರದ್ದಾಗಬಹುದು ಅಂತ ಹಾರ್ಲೆಯ ವಾರಂಟಿಯಲ್ಲೇ ಬರೆದಿತ್ತು ಎನ್ನುವುದು ಆಯೋಗದ ಒಂದು ಆರೋಪ. ಷರತ್ತುಗಳನ್ನೆಲ್ಲ ಒಂದೇ ಕಡೆ ಕೊಡದೆ, ಉಳಿದದ್ದನ್ನು ಡೀಲರ್ ಹತ್ತಿರ ಕೇಳಿಕೊಳ್ಳಿ ಎಂದು ಬಿಟ್ಟಿದ್ದರು ಎನ್ನುವುದು ಇನ್ನೊಂದು. ಕಂಪನಿ ಆದೇಶಕ್ಕೆ ಒಪ್ಪಿಕೊಂಡಿತು, ಅದೇ ಅಕ್ಟೋಬರ್‌ನಲ್ಲಿ ಆದೇಶ ಅಂತಿಮವಾಯಿತು. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದರೂ, ಹೊರಗಿನ ಬಿಡಿಭಾಗ ಹಾಕಿದರೂ ವಾರಂಟಿ ರದ್ದಾಗುವುದಿಲ್ಲ ಎನ್ನುವ ಮಾತನ್ನು ವಾರಂಟಿಯಲ್ಲೇ ಅಚ್ಚು ಹಾಕಬೇಕು, ಗ್ರಾಹಕರಿಗೆ ತಿಳಿಸಬೇಕು, ಡೀಲರುಗಳಿಗೂ ಕಟ್ಟುನಿಟ್ಟಾಗಿ ಹೇಳಬೇಕು ಎಂದಾಯಿತು. ನೂರು ವರ್ಷ ದಾಟಿದ ಕಂಪನಿಗೇ ಹೀಗೆ ಅಚ್ಚು ಹಾಕಿಸಿದ ಕಾನೂನು ನಿನ್ನ ಬೆನ್ನಿಗೂ ಇದೆ.

ಅದಕ್ಕೂ ಮೊದಲು, 2015ರಲ್ಲಿ, ನಮ್ಮ ನ್ಯೂಜೆರ್ಸಿಯ ವುಡ್‌ಕ್ಲಿಫ್ ಲೇಕ್‌ನಲ್ಲಿ ಕಚೇರಿ ಇರುವ ಬಿಎಂಡಬ್ಲ್ಯೂ ನಾರ್ತ್ ಅಮೆರಿಕಾದ ಮೇಲೂ ಇದೇ ಕಾಯ್ದೆಯಡಿ ಆದೇಶವಾಗಿತ್ತು. ಅದು ಮಿನಿ ಕಾರುಗಳ ವಿಚಾರ, ತಕರಾರು ಮಾತ್ರ ಇದೇ.

ಈಗ ನಿನ್ನ ಪಾಲಿನ ಕೆಲಸ ಕೇಳು. ಇದನ್ನು ಬಿಟ್ಟರೆ ಮೇಲೆ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಎಲ್ಲಿ ಸರ್ವಿಸ್ ಮಾಡಿಸುತ್ತೀಯ ಎನ್ನುವುದು ನಿನ್ನ ಇಷ್ಟ. ಆದರೆ ಯಾವಾಗ ಮಾಡಿಸಬೇಕು, ಯಾವ ದರ್ಜೆಯ ಆಯಿಲ್ ಹಾಕಬೇಕು ಅಂತ ಹೇಳುವ ಹಕ್ಕು ಕಂಪನಿಗೆ ಇದೆ. ಹೊತ್ತಿಗೆ ಸರಿಯಾಗಿ ಆರೈಕೆ ಆಗಿಲ್ಲ, ಅದರಿಂದಲೇ ಎಂಜಿನ್ ಹಾಳಾಯಿತು ಎಂದು ತೋರಿಸಿದರೆ ಅವರು ಕೈಯೆತ್ತಬಹುದು, ಆಗ ತಪ್ಪು ನಿನ್ನದೇ. ಓನರ್ಸ್ ಮ್ಯಾನುಯಲ್‌ನ ಮೇಂಟೆನೆನ್ಸ್ ಪಟ್ಟಿಯನ್ನು ಮೊದಲು ತೆಗೆದು ಓದು. ಬ್ಲೂಟೂತ್ ಜೋಡಿಸುವ ಪುಟಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.

ಆಯಿಲ್ ವಿಷಯದಲ್ಲಿ ಬಹಳ ಹುಡುಗರು ಎಡವುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಾರಿಗೆ ಹಾಕುವ ಒಳ್ಳೆಯ ಆಯಿಲ್ ಬೈಕಿಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಬಹುಪಾಲು ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲಿ ಅಂತ ಕಾರಿನ ಆಯಿಲ್‌ಗೆ ಜಾರುವ ಗುಣ ಹೆಚ್ಚಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಬೈಕಿಗೆ ಬಿದ್ದರೆ ಕ್ಲಚ್ಚೇ ಜಾರತೊಡಗುತ್ತದೆ. ಡಬ್ಬದ ಹಿಂಬದಿ ತಿರುಗಿಸಿ ನೋಡು. ಜಾಸೋ ಎಂಎ ಅಥವಾ ಎಂಎ2 ಅಂತ ಸಣ್ಣ ಚೌಕದೊಳಗೆ ಬರೆದಿರುತ್ತದೆ. ಆ ಗುರುತು, ಮತ್ತೆ 10ಡಬ್ಲ್ಯೂ-40 ಅಂತಲೋ ಇನ್ನೊಂದೋ ನಿನ್ನ ಮ್ಯಾನುಯಲ್‌ನಲ್ಲಿ ಬರೆದ ದಪ್ಪ, ಎರಡೂ ಹೊಂದಿದರೆ ಡಬ್ಬದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಸರಿ. ದರ್ಜೆ ಹೇಳುವುದು ಅವರ ಹಕ್ಕು, ಬ್ರ್ಯಾಂಡ್ ಆರಿಸುವುದು ನಿನ್ನದು.

ಲೆಕ್ಕ ಬರೆದಿಡು. ಒಂದು ನೋಟ್‌ಬುಕ್ ಸಾಕು. ತಾರೀಖು, ಓಡೋಮೀಟರಿನ ಮೈಲಿ, ಆಯಿಲ್ ಯಾವುದು, ಎಷ್ಟು ಹಾಕಿದೆ, ಫಿಲ್ಟರಿನ ನಂಬರು, ಡ್ರೈನ್ ಬೋಲ್ಟಿನ ವಾಷರ್ ಹೊಸದೋ ಹಳೆಯದೋ. ಅಂಗಡಿಯ ರಸೀದಿಯನ್ನು ಅದೇ ಪುಟಕ್ಕೆ ಸಿಕ್ಕಿಸು, ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಈಗಿನ ರಸೀದಿ ಕಾಗದ ಬಿಸಿಗೆ ಅಚ್ಚಾಗುವಂಥದ್ದು, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ಎಂಜಿನ್ ಕೆಟ್ಟು ಜಗಳ ಬರುವುದು ಅಷ್ಟು ಹೊತ್ತಿಗೇ. ಅದಕ್ಕೆ ಕೆಲಸ ಮುಗಿದ ಕೂಡಲೇ ರಸೀದಿ, ಆಯಿಲ್ ಡಬ್ಬ, ಓಡೋಮೀಟರ್ ಮೂರೂ ಕಾಣುವ ಹಾಗೆ ಒಂದು ಫೋಟೋ ತೆಗೆದಿಡು. ಹೊರಗಿನ ಮೆಕ್ಯಾನಿಕ್ ಹತ್ತಿರ ಮಾಡಿಸಿದರೆ ಬಿಲ್ಲಿನಲ್ಲಿ ಗಾಡಿಯ ನಂಬರು, ಮೈಲಿ, ಮಾಡಿದ ಕೆಲಸ ಬರೆದುಕೊಡಿ ಅಂತ ಕೇಳು. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ನಾಳೆ ಏನಾದರೂ ಕೆಟ್ಟು, ನೀನು ಹೊರಗಿನ ಫಿಲ್ಟರ್ ಹಾಕಿದ್ದೀಯ, ಅದಕ್ಕೇ ವಾರಂಟಿ ಇಲ್ಲ ಅಂದರೆ? ಹೊರಗಿನ ಫಿಲ್ಟರಿನಿಂದಲೇ ಈ ಹಾನಿಯಾಯಿತು ಎಂದು ತೋರಿಸುವ ಹೊಣೆ ಅವರದು. ತೋರಿಸಿದರೂ ಆ ಹಾನಿಯ ರಿಪೇರಿಯನ್ನಷ್ಟೇ ನಿರಾಕರಿಸಬಹುದು. ಹೊರಗಿನ ಫಿಲ್ಟರ್ ಹಾಕಿದ ಕಾರಣಕ್ಕೆ ಸ್ಪೀಡೋಮೀಟರಿನ ವಾರಂಟಿ ಹೋಗುವುದಿಲ್ಲ. ಆದ್ದರಿಂದ ಬಾಯಿಮಾತಿಗೆ ವಾಪಸ್ ಬರಬೇಡ. ಯಾವ ಭಾಗದಿಂದ ಯಾವ ಹಾನಿ ಹೇಗಾಯಿತು ಅಂತ ಬರೆದುಕೊಡಿ ಎಂದು ಕೇಳು. ಬಾಯಲ್ಲಿ ಧೈರ್ಯವಾಗಿ ಹೇಳುವ ಎಷ್ಟೋ ಮಾತನ್ನು ಸಹಿ ಹಾಕಿ ಕೊಡಲು ಜನ ಹಿಂದೇಟು ಹಾಕುತ್ತಾರೆ.

ಒಂದು ಕಡೆ ನಾನು ನಿನ್ನ ಪರ ನಿಲ್ಲುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಂಜಿನ್ನಿನ ಕಂಪ್ಯೂಟರನ್ನು ಟ್ಯೂನ್ ಮಾಡಿಸುವುದು, ಸೈಲೆನ್ಸರ್ ತೆಗೆದು ಗುಡುಗುವ ಪೈಪ್ ಹಾಕುವುದು. ಅದು ಆರೈಕೆ ಅಲ್ಲ. 2016ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ, ಹೊಗೆಯ ಮಿತಿ ಮೀರಿಸುವ ಟ್ಯೂನರ್‌ಗಳನ್ನು ಮಾರಿದ್ದಕ್ಕೆ ಇದೇ ಹಾರ್ಲೆ ಕಂಪನಿಯಿಂದ 1 ಕೋಟಿ 20 ಲಕ್ಷ ಡಾಲರ್ ದಂಡಕ್ಕೆ ಒಪ್ಪಿಗೆ ಪಡೆಯಿತು. ರಾಜ್ಯದ ಗಡಿ ದಾಟಿ ಬೇರ್ ಮೌಂಟನ್‌ಗೆ, ಸೆವೆನ್ ಲೇಕ್ಸ್ ಡ್ರೈವ್‌ಗೆ ಹೋಗುವ ಆಸೆ ನಿನಗೆ ಇದ್ದೇ ಇರುತ್ತದೆ. ಅಲ್ಲಿ ನ್ಯೂಯಾರ್ಕ್ ರಾಜ್ಯ 2021ರಲ್ಲಿ ಕಾನೂನು ಬಿಗಿ ಮಾಡಿ, ಅಕ್ರಮ ಸೈಲೆನ್ಸರಿಗೆ ದಂಡವನ್ನು ಸಾವಿರ ಡಾಲರ್‌ವರೆಗೆ ಏರಿಸಿದೆ. ಟ್ಯೂನ್ ಮಾಡಿಸಿದ ಎಂಜಿನ್ನಿನ ಪಿಸ್ಟನ್ ಸುಟ್ಟರೆ ಕಂಪನಿಗೆ ಕಾರಣ ತೋರಿಸುವುದು ಕಷ್ಟವೇ ಅಲ್ಲ.

ಹೊಗೆ ನಿಯಂತ್ರಣದ ಭಾಗಗಳಿಗೆ ಬೇರೆಯೇ ಒಂದು ವಾರಂಟಿ ಫೆಡರಲ್ ಕಾನೂನಿನಿಂದಲೇ ಬರುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. 280 ಸಿಸಿ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಅದು 5 ವರ್ಷ ಅಥವಾ 30,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ. ಕಂಪನಿಯ ಮಾಮೂಲಿ ವಾರಂಟಿ ಮುಗಿದರೂ ಇದು ಉಳಿದಿರಬಹುದು. ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಹುಡುಕು.

ಫೈನಾನ್ಸ್ ಮೇಜಿನಲ್ಲಿ ‘ಎಕ್ಸ್‌ಟೆಂಡೆಡ್ ವಾರಂಟಿ’ ಅಂತ ನಿನ್ನ ಕಂತಿಗೆ ಒಂದಿಷ್ಟು ಸೇರಿಸಿದ್ದಾರೋ ನೋಡು. ಅದು ವಾರಂಟಿಯೇ ಅಲ್ಲ, ದುಡ್ಡು ಕೊಟ್ಟು ಕೊಂಡ ಸರ್ವಿಸ್ ಕರಾರು. ರಿಪೇರಿ ದುಡ್ಡು ಕೊಡುವವರು ಗಾಡಿ ಮಾಡಿದವರೋ, ಯಾವುದೋ ಮೂರನೇ ಕಂಪನಿಯೋ, ಅದನ್ನು ಓದಿ ತಿಳಿದುಕೋ. ನಾನು ಮೇಲೆ ಹೇಳಿದ ರಕ್ಷಣೆ ವಾರಂಟಿಗೆ ಅನ್ವಯಿಸುವಂಥದ್ದು, ಈ ಕರಾರಿನ ಷರತ್ತುಗಳನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಇನ್ನು ಹೊಸ ಗಾಡಿಯೇ ಕೆಟ್ಟದ್ದು ಬಂದುಬಿಟ್ಟರೆ ನ್ಯೂಜೆರ್ಸಿಯಲ್ಲಿರುವ ನಿನಗೆ ಇನ್ನೊಂದು ಆಸರೆ ಇದೆ. ಇಲ್ಲಿನ ಲೆಮನ್ ಲಾ ಕಾರಿಗಷ್ಟೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೋಟಾರ್ ಸೈಕಲ್ಲೂ ಅದರಲ್ಲಿ ಸೇರಿದೆ. ಮೊದಲ 24 ತಿಂಗಳು ಅಥವಾ 24,000 ಮೈಲಿ, ಯಾವುದು ಮೊದಲೋ ಅದರೊಳಗೆ, ಒಂದೇ ದೊಡ್ಡ ದೋಷಕ್ಕೆ ಮೂರು ಸಲ ರಿಪೇರಿಗೆ ಬಿಟ್ಟರೂ ಸರಿಹೋಗದಿದ್ದರೆ, ಅಥವಾ ಗಾಡಿ ಒಟ್ಟು 20 ದಿನ ವರ್ಕ್‌ಶಾಪ್‌ನಲ್ಲೇ ಕೂತರೆ, ನೀನು ಕಂಪನಿಯಿಂದ ಪರಿಹಾರ ಕೇಳಬಹುದು. ಜೀವಕ್ಕೆ ಅಪಾಯವಾಗುವಂಥ ದೋಷಕ್ಕಾದರೆ ಒಂದು ಸಲ ಬಿಟ್ಟು ಸರಿಹೋಗದಿದ್ದರೂ ಸಾಕು. ಸರ್ಟಿಫೈಡ್ ಅಂಚೆಯಲ್ಲಿ ಕಂಪನಿಗೆ ಬರೆದು ಕೊನೆಯ ಅವಕಾಶ ಕೊಡಬೇಕು, 10 ದಿನದ್ದು. ಆಮೇಲೆ ರಾಜ್ಯದ ಗ್ರಾಹಕ ವ್ಯವಹಾರ ವಿಭಾಗದಲ್ಲಿ ಇದಕ್ಕೆಂದೇ ಇರುವ ಲೆಮನ್ ಲಾ ಘಟಕದ ಬಾಗಿಲು ತಟ್ಟಬಹುದು. ಇಲ್ಲೂ ಕಾಗದವೇ ಕಾಪಾಡುವುದು. ಗಾಡಿ ಬಿಟ್ಟ ದಿನ, ವಾಪಸ್ ಬಂದ ದಿನ, ನೀನು ಹೇಳಿದ ದೂರು, ಅವರು ಮಾಡಿದ ಕೆಲಸ, ಪ್ರತಿ ಸಲವೂ ರಿಪೇರಿ ಆರ್ಡರಿನ ಪ್ರತಿ ಕೇಳಿ ಪಡೆ. ‘ಏನೂ ಕಾಣಲಿಲ್ಲ’ ಎಂದು ಕಳುಹಿಸಿದರೂ ಅದನ್ನೇ ಬರೆಸಿಕೋ.

ಇದನ್ನೆಲ್ಲ ಓದಿ, ಮಾವ ಸುಮ್ಮನೆ ವ್ಯಾಜ್ಯ ಕಲಿಸುತ್ತಿದ್ದಾರೆ ಅಂದುಕೊಳ್ಳಬೇಡ. ನಾನು ಬೆಳೆದದ್ದು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಮೈಸೂರಿನಲ್ಲಿ. 1961ರಿಂದ 1996ರವರೆಗೆ ಅಲ್ಲಿಂದ ಜಾವಾ, ಆಮೇಲೆ ಯೆಜ್ಡಿ ಹೊರಬರುತ್ತಿದ್ದವು. ಗಾಡಿ ಇಟ್ಟವರೆಲ್ಲ ಪ್ಲಗ್ ಬಿಚ್ಚಿ ಮಸಿ ಒರೆಸುವುದು, ಪಾಯಿಂಟ್ ಸೆಟ್ ಮಾಡುವುದು ಕಲಿತೇ ಇರುತ್ತಿದ್ದರು. ಯಾವ ಶಬ್ದ ಸಹಜ, ಯಾವುದು ಅಪಾಯ ಎನ್ನುವುದು ಕೈಯಾರೆ ಕೆಲಸ ಮಾಡಿದವನಿಗೆ ಬೇಗ ತಿಳಿಯುತ್ತದೆ. ಚೈನ್ ಸಡಿಲವಾದದ್ದು, ಬ್ರೇಕ್ ಪ್ಯಾಡ್ ಸವೆದದ್ದು ನಿನ್ನ ಕಣ್ಣಿಗೇ ಬೀಳಬೇಕು, ಮುಂದಿನ ಸರ್ವಿಸ್‌ವರೆಗೆ ಕಾಯಬಾರದು. ನಿಮ್ಮಮ್ಮನ ಭಯಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ. ವಾರಂಟಿ ಹೋಗುತ್ತದೆ ಎನ್ನುವ ಹೆದರಿಕೆಯಿಂದ ನೀನು ಗಾಡಿ ಮುಟ್ಟದೇ ಉಳಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಊರಲ್ಲಿ ನಿಮ್ಮಪ್ಪನಿಗೂ ಇದನ್ನು ತಿಳಿಸು, ಕಾರಿನ ವಿಷಯದಲ್ಲಿ ಅವರಿಗೂ ಇದೇ ಬೆದರಿಕೆ ಬಂದಿರಬಹುದು. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡದ ಮೇಲೆ ಮೇಲ್ಮನವಿಗಳಾದವು. ಆದರೆ ಆ ಆದೇಶದಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎನ್ನುವ ಸಾರಾಸಗಟು ಷರತ್ತು ಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೇ ನಿರಾಕರಿಸಬಹುದು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿಗೆಂದೇ ಒಂದು ಪೋರ್ಟಲ್ ಕೂಡ ತೆರೆದಿದೆ.

ಕೊನೆಯದಾಗಿ ರೀಕಾಲ್. ಅದಕ್ಕೂ ವಾರಂಟಿಗೂ ಸಂಬಂಧವಿಲ್ಲ. ಸುರಕ್ಷತೆಯ ದೋಷ ಅಂತ ಕಂಪನಿ ಗಾಡಿಗಳನ್ನು ವಾಪಸ್ ಕರೆದರೆ, ನೀನು ಎಲ್ಲಿ ಆಯಿಲ್ ಬದಲಾಯಿಸಿದ್ದರೂ ರಿಪೇರಿ ಪುಕ್ಕಟೆ ಮಾಡಿಕೊಡಲೇಬೇಕು. ಗಾಡಿಯ ಕುತ್ತಿಗೆಯ ಹತ್ತಿರ ಫ್ರೇಮಿನ ಮೇಲೆ ಕೊರೆದಿರುವ 17 ಅಕ್ಷರ-ಅಂಕಿಗಳ ವಿನ್ ನಂಬರನ್ನು ಹೆದ್ದಾರಿ ಸುರಕ್ಷತಾ ಸಂಸ್ಥೆಯ ಪುಟದಲ್ಲಿ ಹಾಕಿ ಆಗಾಗ ನೋಡುತ್ತಿರು. ಮನೆ ಬದಲಾಯಿಸಿದಾಗ ಕಂಪನಿಗೆ ಹೊಸ ವಿಳಾಸ ಕೊಡು, ಇಲ್ಲದಿದ್ದರೆ ರೀಕಾಲ್ ಕಾಗದ ಹಳೆಯ ಮನೆಗೇ ಹೋಗುತ್ತದೆ.

ಜರ್ಸಿ ಸಿಟಿಯ ನಿನ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಆಯಿಲ್ ಚೆಲ್ಲುವುದಕ್ಕೆ ಬಿಡುವುದಿಲ್ಲ ಅಂದೆಯಲ್ಲ, ಎಡಿಸನ್‌ನಲ್ಲಿ ನಮ್ಮ ಗ್ಯಾರೇಜ್ ಇದೆ. ಟಾರ್ಕ್ ರೆಂಚ್, ಆಯಿಲ್ ಹಿಡಿಯುವ ಟ್ರೇ, ಪ್ಯಾಡಕ್ ಸ್ಟ್ಯಾಂಡ್ ಎಲ್ಲ ನನ್ನ ಹತ್ತಿರ ಇವೆ. ಮೊದಲ ಸರ್ವಿಸ್ ಎಷ್ಟು ಮೈಲಿಗೆ ಅಂತ ಮ್ಯಾನುಯಲ್‌ನಲ್ಲಿ ನೋಡಿ, ಅದು ತುಂಬುವ ಮೊದಲಿನ ಶನಿವಾರ ಬಾ. ಬರುವಾಗ ಫಿಲ್ಟರ್, ವಾಷರ್, ಮ್ಯಾನುಯಲ್ ಮೂರೂ ತಾ. ನಿಮ್ಮತ್ತೆ ಊಟಕ್ಕೆ ಬಿಸಿಬೇಳೆಬಾತ್ ಮಾಡುತ್ತೇನೆ ಅಂದಿದ್ದಾಳೆ.

ನಿನ್ನ ಪ್ರೀತಿಯ
ಮಾವ