ಯಾರನ್ನೂ ಸೋಲಿಸದೆ ಗೆದ್ದ ಆಟಗಾರ

ಆಟ ಅಂದ್ರೆ ಎದುರಿಗಿರೋರನ್ನ ಸೋಲಿಸೋದು ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಒಬ್ಬರನ್ನೂ ಸೋಲಿಸದೆ ಮೊದಲ ಸ್ಥಾನ ಪಡೆದ ಆಟಗಾರ ಒಬ್ಬನಿದ್ದಾನೆ. ಅವನು ಮನುಷ್ಯನಲ್ಲ, ಒಂದು ಕಂಪ್ಯೂಟರ್ ಪ್ರೋಗ್ರಾಂ.

ಪೈಪೋಟಿ ಯಾವಾಗ ಲಾಭ, ಸಹಕಾರ ಯಾವಾಗ ಲಾಭ ಎಂದು ಲೆಕ್ಕ ಹಾಕುವ ಗಣಿತಕ್ಕೆ ಗೇಮ್ ಥಿಯರಿ ಎಂದು ಹೆಸರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಆಕ್ಸೆಲ್‌ರಾಡ್ ಅವರು ಇದಕ್ಕಾಗಿ ಕಂಪ್ಯೂಟರಿನಲ್ಲಿ ಪಂದ್ಯಾವಳಿ ನಡೆಸಿದರು. ಅದರ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಬಲ್ಲವರು 14 ಪ್ರೋಗ್ರಾಂ ಕಳಿಸಿದ್ದರು.

ಆಟದ ನಿಯಮ ಹೀಗಿದೆ. ಪ್ರತಿ ಸಲ ಇಬ್ಬರೂ ಗುಟ್ಟಾಗಿ ‘ಸಹಾಯ’ ಅಥವಾ ‘ಮೋಸ’ ಆರಿಸಬೇಕು.
1. ಇಬ್ಬರೂ ಸಹಾಯ ಮಾಡಿದರೆ ತಲಾ 3 ಅಂಕ.
2. ಇಬ್ಬರೂ ಮೋಸ ಮಾಡಿದರೆ ತಲಾ 1 ಅಂಕ.
3. ಒಬ್ಬ ಮೋಸ, ಒಬ್ಬ ಸಹಾಯ ಮಾಡಿದರೆ ಮೋಸಗಾರನಿಗೆ 5, ಇನ್ನೊಬ್ಬನಿಗೆ ಸೊನ್ನೆ.

ಒಂದೇ ಸಲ ಆಡಿದರೆ ಮೋಸವೇ ಲಾಭ. ಆದರೆ ಇಲ್ಲಿ ಒಂದು ಪಂದ್ಯದಲ್ಲಿ 200 ಸಲ ಆಡಬೇಕಿತ್ತು.

ಗೆದ್ದಿದ್ದು ಎಲ್ಲಕ್ಕಿಂತ ಸರಳವಾದ ಪ್ರೋಗ್ರಾಂ. ಅದನ್ನು ಕಳಿಸಿದವರು ಅನಾಟೊಲ್ ರಾಪೊಪೋರ್ಟ್. ಅದು ಮೊದಲು ಸಹಾಯ ಮಾಡುತ್ತದೆ. ಆಮೇಲೆ ಎದುರಿನವ ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡುತ್ತದೆ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಮುಯ್ಯಿಗೆ ಮುಯ್ಯಿ. ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು ಹೋಗೋ ಮುಯ್ಯಾಳಿನ ಹಾಗೆ. ಎರಡನೇ ಪಂದ್ಯಾವಳಿಗೆ ಆರು ದೇಶಗಳಿಂದ 62 ಪ್ರೋಗ್ರಾಂ ಬಂದವು. ಆಗಲೂ ಇದೇ ಗೆದ್ದಿತು.

ಇದು ಹೇಗೆ ಎಂದು ನಾನು ಲೆಕ್ಕ ಮಾಡಿ ನೋಡಿದೆ. ಇಬ್ಬರು ಮುಯ್ಯಿಯವರು, ಇಬ್ಬರು ಯಾವಾಗಲೂ ಮೋಸ ಮಾಡೋರು ಎಂದು ಇಟ್ಟುಕೊಳ್ಳಿ. ಮೋಸಗಾರನ ಎದುರು ಮುಯ್ಯಿಗೆ 199, ಅವನಿಗೆ 204. ಅಂದರೆ ಮುಯ್ಯಿ ಸೋಲುತ್ತದೆ! ಆದರೆ ಮುಯ್ಯಿಯವರು ತಾವಿಬ್ಬರೇ ಆಡಿದಾಗ ತಲಾ 600, ಮೋಸಗಾರರಿಬ್ಬರು ಆಡಿದಾಗ ತಲಾ 200 ಮಾತ್ರ. ಒಟ್ಟು ಕೂಡಿದರೆ ಮುಯ್ಯಿಯವರಿಗೆ ತಲಾ 998, ಮೋಸಗಾರರಿಗೆ ತಲಾ 608.

ವಿಡಿಯೋ ಗೇಮ್ ತಯಾರಿಸುವವರಿಗೂ ಈ ಲೆಕ್ಕ ಬೇಕು. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಮಾರಿಯೊ ಬ್ರದರ್ಸ್ ಆಟ ಬಂತು. ಅದರಲ್ಲಿ ಇಬ್ಬರು ಒಂದೇ ಪರದೆಯಲ್ಲಿ ಆಡಬಹುದು. ಒಬ್ಬ ಮಗುಚಿ ಹಾಕಿದ ಆಮೆಯನ್ನು ಇನ್ನೊಬ್ಬ ಒದ್ದು ಅಂಕ ತಗೋಬಹುದು. ಸೇರಿ ಆಡಿದರೆ ಇಬ್ಬರೂ ಮುಂದೆ ಹೋಗಬಹುದು. ಮತ್ತೆಂದೂ ಸಿಗದ ಅಪರಿಚಿತನ ಜೊತೆ ಆಡಿದರೆ ಮುಯ್ಯಿ ತೀರಿಸೋಕೆ ಆಗಲ್ಲ, ಆಗ ಮೋಸ ಹೆಚ್ಚುತ್ತದೆ. ಆದ್ದರಿಂದ ಆಡಿದವರೇ ಮತ್ತೆ ಮತ್ತೆ ಎದುರಾಗುವಂತೆ ಆಟ ಮಾಡಬೇಕು. ಸೇರಿ ಮಾಡಿದ ಕೆಲಸಕ್ಕೂ ಅಂಕ ಇಡಬೇಕು.

ಇನ್ನೊಂದು ಮಾತು. ಮೂವರು ಮೋಸಗಾರರ ನಡುವೆ ಮುಯ್ಯಿ ಒಬ್ಬನೇ ಇದ್ದರೆ ಅವನಿಗೆ 597, ಅವರಿಗೆ ತಲಾ 604. ಒಬ್ಬನೇ ಒಳ್ಳೆಯವನಾದರೆ ಸೋಲುತ್ತಾನೆ. ಇನ್ನೊಬ್ಬ ಜೊತೆಗಾರ ಸಿಕ್ಕರೆ ಸಾಕು, ಗೆಲ್ಲುತ್ತಾನೆ. ನೀವೂ ಕೂಡಿ ನೋಡಿ.

– 7ನೇ ತರಗತಿ