ಗೊತ್ತಿರುವ ಪದದ ಬಗ್ಗೆ ಎಚ್ಚರ

ಮಗಳೇ, ಮೈಸೂರು ಸೀಮೆಯ ಚರಿತ್ರೆಯನ್ನು ಮೂಲದಾಖಲೆಗಳಿಂದಲೇ ಓದುತ್ತೇನೆ ಎಂದು ಹೊರಟಿದ್ದೀಯ. ಒಳ್ಳೆಯ ಹಟ. ಬಿಡುವಿನಲ್ಲಿ ಜೇನ್ ಆಸ್ಟಿನ್ ಕಾದಂಬರಿ ಹಿಡಿದಿದ್ದೇನೆ ಎಂದೂ ಹೇಳಿದೆ. ಎರಡಕ್ಕೂ ಸೇರಿಸಿ ಒಂದು ಮಾತು ಹೇಳಬೇಕು. ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಹೆದರಬೇಡ. ಅದು ಎದುರಾದರೆ ನೀನು ನಿಘಂಟು ತೆಗೆದೇ ತೆಗೆಯುತ್ತೀಯ. ದಾರಿ ತಪ್ಪಿಸುವುದು ನೀನು ದಿನಾ ಬಳಸುವ ಪದ.

ಪಂಪನನ್ನು ಓದಲು ಕೂತರೆ ಮೊದಲ ಪದ್ಯದಲ್ಲೇ ಇದು ಬೇರೆ ಕಾಲದ ಕನ್ನಡ ಎಂದು ತಿಳಿದುಬಿಡುತ್ತದೆ. ಅರ್ಥಕೋಶ ತಾನಾಗಿ ಪಕ್ಕಕ್ಕೆ ಬರುತ್ತದೆ. ಇನ್ನೂರು ವರ್ಷ ಹಿಂದಿನ ಇಂಗ್ಲಿಷ್ ಹಾಗಲ್ಲ. ಕಾಗುಣಿತ, ವ್ಯಾಕರಣ ಹೆಚ್ಚುಕಡಿಮೆ ಇವತ್ತಿನವೇ. ಆದರೆ ಒಳಗೆ ಅರ್ಥ ಜಾಗ ಬದಲಿಸಿರುತ್ತದೆ. ಹಳೆಯ ವಾಕ್ಯಕ್ಕೆ ಇವತ್ತಿನ ಅರ್ಥ ಹಾಕಿದರೂ ಅದು ಸರಾಗವಾಗಿ ಓದಿಸಿಕೊಂಡು ಹೋಗುತ್ತದಲ್ಲ, ಅಲ್ಲೇ ಇರುವುದು ಮೋಸ. ಸಿ. ಎಸ್. ಲೂಯಿಸ್ ಇದಕ್ಕೆ 'ಅಪಾಯದ ಅರ್ಥ' ಎಂದೇ ಹೆಸರಿಟ್ಟ. 1960ರಲ್ಲಿ ಬಂದ ಅವನ 'ಸ್ಟಡೀಸ್ ಇನ್ ವರ್ಡ್ಸ್' ಸಿಕ್ಕರೆ ಬಿಡದೆ ಓದು.

ನಿನ್ನ ಕೆಲಸದಿಂದಲೇ ಶುರುಮಾಡೋಣ. ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಮೈಸೂರಿನ ಚರಿತ್ರೆ ಪ್ರಕಟಿಸಿದ. ಆ ಕಾಲದ ಬರಹಗಳಲ್ಲಿ 'ಪ್ಯೂನ್'ಗಳು ಸಾವಿರಗಟ್ಟಲೆ ಬರುತ್ತಾರೆ, ಕೋಟೆ ಕಾಯುತ್ತಾರೆ. ಕಚೇರಿಯಲ್ಲಿ ಫೈಲು ಹೊತ್ತು ತಿರುಗುವವನನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಡೀ ಪುಟ ಹಾಳಾಗುತ್ತದೆ. ಪೋರ್ಚುಗೀಸರಿಂದ ಬಂದ ಈ ಪದಕ್ಕೆ ಆಗ ಕಾಲಾಳು ಎಂಬ ಅರ್ಥ. ಕಂದಾಚಾರದ ಪ್ಯೂನ್ ಎಂದರೆ ಆಯುಧ ಹಿಡಿದ ಸ್ಥಳೀಯ ಪಡೆಯವನು. ನಮ್ಮ 'ಜವಾನ'ನನ್ನೇ ನೋಡು: ಹಿಂದಿಯಲ್ಲಿ ಅವನು ಗಡಿ ಕಾಯುತ್ತಾನೆ, ಕನ್ನಡದ ಕಚೇರಿಯಲ್ಲಿ ಗಂಟೆ ಬಾರಿಸಿದರೆ ಬರುತ್ತಾನೆ.

'ಫ್ಯಾಕ್ಟರಿ'ಯೂ ಹಾಗೆಯೇ. 17ನೇ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ಫ್ಯಾಕ್ಟರಿ ಇತ್ತು. ಅಲ್ಲಿ ಯಂತ್ರವೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ಫ್ಯಾಕ್ಟರ್ ಎಂದರೆ ಕಂಪನಿಯ ಪರವಾಗಿ ಕೊಂಡು ಮಾರುವವನು. ಅವನು ಮೆಣಸು, ಬಟ್ಟೆ ಕೂಡಿಟ್ಟು ಹಡಗಿಗೆ ಕಾಯುವ ಕೋಠಿಯೇ ಫ್ಯಾಕ್ಟರಿ. ಅವನಿಗಿಂತ ಕೆಳಗಿನ ಹೊಸ ನೌಕರ 'ರೈಟರ್'. ಸಾಹಿತಿಯಲ್ಲ, ಗುಮಾಸ್ತ. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ಗೆ ಆ ಹೆಸರು ಬಂದದ್ದು ಇವರಿಂದಲೇ. ಇಂಥ ಪದಗಳಿಗೆಲ್ಲ 1886ರಲ್ಲಿ ಬಂದ ಯೂಲ್ ಮತ್ತು ಬರ್ನೆಲ್‌ರ 'ಹಾಬ್ಸನ್-ಜಾಬ್ಸನ್' ಕೋಶವನ್ನು ಕೈಯಳತೆಯಲ್ಲಿ ಇಟ್ಟುಕೊ. ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವನು ಇದೇ ಬರ್ನೆಲ್. ಕೋಶ ಅಚ್ಚಾಗುವ ಮೊದಲೇ ತೀರಿಕೊಂಡ, ಪಾಪ.

ಇಂಗ್ಲೆಂಡಿನ ಚರಿತ್ರೆ ಓದುವಾಗ 1815ರಿಂದ 1846ರವರೆಗಿನ 'ಕಾರ್ನ್ ಲಾ'ಗಳು ಬಂದರೆ ಮುಸುಕಿನ ಜೋಳ ನೆನೆಯಬೇಡ. ಅಲ್ಲಿ ಕಾರ್ನ್ ಎಂದರೆ ಧಾನ್ಯ, ಮುಖ್ಯವಾಗಿ ಗೋಧಿ.

ಆಸ್ಟಿನ್ ವಿಷಯ ಇದಕ್ಕಿಂತ ನಾಜೂಕು. ಅವಳ ಇಂಗ್ಲಿಷ್ ತಿಳಿನೀರಿನ ಹಾಗೆ ಕಾಣುವುದರಿಂದಲೇ ಆಳ ಗೊತ್ತಾಗುವುದಿಲ್ಲ. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಎಲಿಜಬೆತ್ ತನ್ನ ಅಕ್ಕ ಜೇನ್‌ಳ 'ಕ್ಯಾಂಡರ್' ಗುಣವನ್ನು ಎತ್ತಿ ಹೇಳುತ್ತಾಳೆ. ಇವತ್ತಿನ ಅರ್ಥ ಹಿಡಿದರೆ ಜೇನ್ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹುಡುಗಿ ಎಂದಾಗುತ್ತದೆ. ಆದರೆ ಕಥೆಯ ಜೇನ್ ಯಾರನ್ನೂ ನೋಯಿಸದವಳು. ಆಗ ಕ್ಯಾಂಡರ್ ಎಂದರೆ ಇತರರಲ್ಲಿ ಒಳ್ಳೆಯದನ್ನೇ ಕಾಣುವ ಉದಾರ ಮನಸ್ಸು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಅರ್ಥಗಳಲ್ಲಿ ಸ್ವಭಾವದ ಸವಿಯೂ ಉಂಟು, ದಯೆಯೂ ಉಂಟು. ಆ ಒಂದು ಪದವನ್ನು ತಪ್ಪಾಗಿ ಓದಿದರೆ ಅಕ್ಕತಂಗಿಯರ ನಡುವಿನ ವ್ಯತ್ಯಾಸವೇ ತಲೆಕೆಳಗು. ಅದೇ ಪುಸ್ತಕದಲ್ಲಿ ಕಾಲಿನ್ಸ್ ತನ್ನ ಒಡತಿಯ 'ಕಂಡಿಸೆನ್ಷನ್' ಅನ್ನು ಬಾಯ್ತುಂಬ ಹೊಗಳುತ್ತಾನೆ. ಇವತ್ತು ಅದು ಬೈಗುಳ. ಅವತ್ತು ದೊಡ್ಡವರು ಕೆಳಗಿನವರೊಡನೆ ಬೆರೆಯುವ ಸೌಜನ್ಯಕ್ಕೆ ಅದೇ ಹೆಸರು. 'ಎಮ್ಮಾ' ಓದುವಾಗ ಗಾಡಿಯಲ್ಲಿ ಎಲ್ಟನ್ ಪಾದ್ರಿ 'ಲವ್ ಮಾಡಿದ' ಎಂಬ ಕಡೆ ಗಾಬರಿಬೀಳಬೇಡ. ಅವನು ಮಾಡಿದ್ದು ಬರೀ ಮಾತಿನ ಪ್ರೇಮನಿವೇದನೆ.

ಹಳೆಯ ಅರ್ಥಗಳು ಪೂರ್ತಿ ಸತ್ತಿಲ್ಲ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ. ನಿನ್ನ ಪಾಸ್‌ಪೋರ್ಟ್ ತೆರೆದು ನೋಡು. ರಾಷ್ಟ್ರಪತಿಗಳ ಹೆಸರಿನಲ್ಲಿ ಮಾಡಿರುವ ಕೋರಿಕೆಯಲ್ಲಿ 'ಲೆಟ್' ಇಲ್ಲದೆ ಬಿಡಿ ಎಂದಿದೆ. ಬಿಡು ಎಂಬ ಅರ್ಥದ ಪದ ಅದಲ್ಲ. ತಡೆ ಎಂಬ ಅರ್ಥದ, ಬೇರೆಯೇ ಮೂಲದ ಪದ. ಎರಡರ ಉಚ್ಚಾರ ಕಾಲಕ್ರಮದಲ್ಲಿ ಒಂದಾಯಿತು. ಭೂತದ ಹಿಂದೆ ಹೋಗದಂತೆ ಗೆಳೆಯರು ಹಿಡಿದಾಗ ಹ್ಯಾಮ್ಲೆಟ್ ಬಳಸುವುದೂ ಈ ತಡೆಯುವ ಪದವನ್ನೇ. ಟೆನ್ನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ ಆಚೆ ಬಿದ್ದರೆ ಕೂಗುವುದೂ ಇದನ್ನೇ.

ಅನುಮಾನ ಬಂದಾಗ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿಗೆ ಹೋಗು. ಕೈನಿಘಂಟು ಸಾಲದು. 1857ರಲ್ಲಿ ಯೋಚನೆ ಹುಟ್ಟಿ, 1884ರಲ್ಲಿ ಮೊದಲ ಕಂತು ಬಂದು, 1928ರಲ್ಲಿ ಮುಗಿದ ಕೆಲಸ ಅದು. ಹಿರಿಯ ಸಂಪಾದಕ ಜೇಮ್ಸ್ ಮರ್ರೆ 1915ರಲ್ಲೇ ಹೋದ, ಮುಗಿದದ್ದನ್ನು ಕಾಣಲಿಲ್ಲ. ಅಲ್ಲಿ ಒಂದೊಂದು ಅರ್ಥಕ್ಕೂ ಇಸವಿ ಹಾಕಿದ ಉದಾಹರಣೆಗಳಿವೆ. ಮೊದಲು ನೀನು ಓದುತ್ತಿರುವ ಪುಸ್ತಕದ ಇಸವಿ ನೋಡು, ಆಮೇಲೆ ಆ ಇಸವಿಯಲ್ಲಿ ಚಲಾವಣೆಯಲ್ಲಿದ್ದ ಅರ್ಥ ಯಾವುದು ನೋಡು. ವಾಕ್ಯ ಅರ್ಥವಾಗದಿದ್ದಾಗ ಮಾತ್ರವಲ್ಲ, ಪಾತ್ರ ತನ್ನ ಸ್ವಭಾವಕ್ಕೆ ಹೊಂದದ ಮಾತಾಡಿದಂತೆ ಕಂಡಾಗಲೂ ತಡೆದು ನಿಲ್ಲು.

ಇನ್ನೊಂದಿದೆ, ಇದನ್ನು ಮರೆಯಬೇಡ. ಹಳೆಯ ಅರ್ಥ ಕಲಿತವರಿಗೆ ಅದೇ ನಿಜವಾದ ಅರ್ಥ ಎಂಬ ಹುಮ್ಮಸ್ಸು ಬಂದುಬಿಡುತ್ತದೆ. 'ನೈಸ್' ಎಂಬ ಪದವನ್ನು ಸಿಕ್ಕಸಿಕ್ಕಲ್ಲಿ ಬಳಸುತ್ತೀ ಎಂದು ಆಸ್ಟಿನ್‌ಳ 'ನಾರ್ಥ್ಯಾಂಗರ್ ಅಬ್ಬಿ'ಯಲ್ಲಿ ಹೆನ್ರಿ ಟಿಲ್ನಿ ಕ್ಯಾಥರೀನ್‌ಳನ್ನು ಕೆಣಕುತ್ತಾನೆ, ಅದರ ಮೊದಲಿನ ಅರ್ಥ ಅಚ್ಚುಕಟ್ಟು, ನಯ ಎನ್ನುತ್ತಾನೆ. ಅದಕ್ಕೂ ಹಿಂದೆ ಹೋದರೆ ಆ ಪದಕ್ಕೆ ಪೆದ್ದ ಎಂದರ್ಥ. ಲ್ಯಾಟಿನ್ ಮೂಲದಲ್ಲಿ ಅರಿಯದವನು. ಇವುಗಳಲ್ಲಿ ಯಾವುದನ್ನು ಸರಿ ಎನ್ನುತ್ತೀ? ಆಯಾ ಕಾಲದವರಿಗೆ ಆಯಾ ಅರ್ಥ ಸರಿ. ನಿನ್ನ ಗೆಳತಿಯರ ಇಂಗ್ಲಿಷ್ ತಿದ್ದಲು ಈ ವಿದ್ಯೆ ಬಳಸಬೇಡ.

ವಿಲ್ಕ್ಸ್‌ನ ಮೊದಲ ಸಂಪುಟ ಓದುವಾಗ ಒಂದು ನೋಟ್‌ಬುಕ್ ಇಟ್ಟುಕೊ. ತೀರಾ ಸುಲಭವೆನಿಸಿದರೂ ಆ ಜಾಗದಲ್ಲಿ ಸ್ವಲ್ಪ ಕಿರಿಕಿರಿ ಮಾಡಿದ ಪದಗಳನ್ನು ಪುಟಸಂಖ್ಯೆಯೊಡನೆ ಬರೆದುಕೊ. ಊರಿಗೆ ಬರುವಾಗ ಅದನ್ನೂ ತಾ, ಇಬ್ಬರೂ ಕೂತು ನೋಡೋಣ.