ಕ್ವೇಕ್‌ಗೆ ಮರಳುವವರಿಗೆ

1996ರ ‘ಕ್ವೇಕ್’ ಆಟವನ್ನು ನೈಟ್‌ಡೈವ್ ಸ್ಟುಡಿಯೋಸ್ 2021ರಲ್ಲಿ ಹೊಸದಾಗಿ ಸಜ್ಜುಗೊಳಿಸಿ ಕೊಟ್ಟಿದೆ. ಹಿಂದೆ ಆಡಿ ಮುಗಿಸಿದ್ದರೂ ಮತ್ತೆ ಕೈಗೆತ್ತಿಕೊಳ್ಳಿ. ಈ ಸಲ ನಿಮಿಷ ಎಣಿಸಿಕೊಂಡು ಆಡಿ, ಆಟ ಬೇರೆಯೇ ಆಗಿ ಕಾಣುತ್ತದೆ.

ಇಡೀ ಆಟಕ್ಕೆ ಒಮ್ಮೆಲೇ ಕೈಹಾಕಬೇಡಿ. ಮೊದಲ ಹಂತ ‘ಸ್ಲಿಪ್‌ಗೇಟ್ ಕಾಂಪ್ಲೆಕ್ಸ್’ ಸಾಕು. ಅಲ್ಲಿ ಜಿಗಿತವನ್ನು ಪಳಗಿಸಿಕೊಳ್ಳಿ. ಬರೀ ನೇರ ಓಡಿದರೆ ವೇಗ, ಆಟದ ಅಳತೆಯಲ್ಲಿ, 320ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿರುವಾಗ ಪಕ್ಕಕ್ಕೆ ಸರಿಯುವ ಕೀಲಿ ಒತ್ತಿ, ಮೌಸನ್ನೂ ಅದೇ ಕಡೆಗೆ ಮೆಲ್ಲಗೆ ತಿರುಗಿಸಿ. ನೀವು ಒತ್ತುತ್ತಿರುವ ದಿಕ್ಕಿನಲ್ಲಿ ಎಷ್ಟು ವೇಗವಿದೆ ಎಂಬುದನ್ನಷ್ಟೇ ಆಟ ಅಳೆಯುತ್ತದೆ, ಒಟ್ಟು ವೇಗವನ್ನಲ್ಲ. ಮಿತಿ ದಾಟಲು ದಾರಿ ಸಿಗುವುದು ಇಲ್ಲೇ, ಎಂಥ ಸೊಗಸಾದ ಲೋಪ! ನೆಲ ಮುಟ್ಟಿದ ಕೂಡಲೇ ಮತ್ತೆ ಹಾರಿ. ತಡವಾದರೆ ಗಳಿಸಿದ ವೇಗವನ್ನು ಘರ್ಷಣೆ ತಿಂದುಹಾಕುತ್ತದೆ.

ಕಾಲಬುಡಕ್ಕೆ ರಾಕೆಟ್ ಹೊಡೆದು ಮೇಲೆ ಚಿಮ್ಮುವ ವಿದ್ಯೆ ಆಮೇಲೆ ಇರಲಿ, ಅದಕ್ಕೆ ಜೀವಶಕ್ತಿ ತೆರಬೇಕು.

1997ರಲ್ಲಿ ‘ಕ್ವೇಕ್ ಡನ್ ಕ್ವಿಕ್’ ತಂಡದವರು ಹಂತಗಳನ್ನು ಹಂಚಿಕೊಂಡು ಆಡಿ, ಅತಿ ಕಠಿಣವಾದ ನೈಟ್‌ಮೇರ್ ಮಟ್ಟದಲ್ಲಿ ಇಡೀ ಆಟವನ್ನು 19 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿದ್ದರು. ಆ ಓಟವನ್ನು ನೋಡಿ. ಯಾವ ರಾಕ್ಷಸನನ್ನು ಕೊಲ್ಲದೆ ಬಿಟ್ಟರು ಎಂಬುದನ್ನು ವಿಶೇಷವಾಗಿ ಗಮನಿಸಿ.